ಸೊನ್ನೆ ಮಳೆ

ಬುಟ್ಟಿಯ ಹಣೆಪಟ್ಟಿ ಜಾರಿತು. ರುಫೀನಾ ಬಂಡೆಗೆ ಬುಟ್ಟಿಯನ್ನು ಒರಗಿಸಿ ನಿಂತಳು. ಪೂರ್ತಿ ಇಳಿಸುವಂತಿಲ್ಲ. ಇಳಿಸಿದರೆ ಮತ್ತೆ ಬೆನ್ನಿಗೇರಿಸಲು ಇನ್ನೊಬ್ಬರು ಬೇಕು. ಒದ್ದೆ ಮರಳು. ಅದರ ನೀರು ಬುಟ್ಟಿಯ ಸಂದಿನಿಂದ ಇಳಿದು ಸೊಂಟ, ತೊಡೆ, ಹಿಮ್ಮಡಿಯನ್ನೆಲ್ಲ ತೋಯಿಸಿತ್ತು. ಪಟ್ಟಿಯನ್ನು ಎಳೆದು ಮತ್ತೆ ಅದೇ ಜಾಗಕ್ಕೆ, ಕೂದಲು ಉದುರಿ ಬೋಳಾದ ಗೆರೆಯ ಮೇಲೆ, ಕೂರಿಸಿಕೊಂಡಳು. ಅವಳ ತಾಯಿಗೂ ಆ ಗೆರೆ ಇತ್ತು. ಈ ಬೆಟ್ಟದ ಹೆಂಗಸರಿಗೆ ಹಣೆಬರಹ ಎಂದರೆ ಅದೇ.

"ನಡಿಯೇ, ದಾರಿ ಮಧ್ಯೆ ಮೊಟ್ಟೆ ಇಡ್ತಿದ್ದೀಯಾ?" ಹಿಂದಿನಿಂದ ಇಕಿತ್ ಬಾಂಗನ್ ಕೂಗಿದಳು. ಇಕಿತ್ ಅಂದರೆ ದೊಡ್ಡಮ್ಮ; ಬಾಂಗನ್ ಊರಿಗೆಲ್ಲ ದೊಡ್ಡಮ್ಮ. ಎಪ್ಪತ್ತು ದಾಟಿದ್ದರೂ ಅರ್ಧ ಬುಟ್ಟಿ ಹೊರುತ್ತಿದ್ದಳು. ಅರ್ಧ ಬುಟ್ಟಿಗೆ ಅರ್ಧ ಕೂಲಿ.

"ಮೊಟ್ಟೆ ಅಲ್ಲ ಇಕಿತ್. ಎಂಜಿನಿಯರ್‌ಗೆ ಕೋಟೆ ಕಟ್ಟೋಕೆ ಮರಳು."

"ಒಂದು ಡಬ್ಬಿ ನಿಲ್ಲಿಸೋಕೆ ಇಷ್ಟಾ? ನನ್ನ ಮನೆ ಕಟ್ಟುವಾಗಲೂ ಇಷ್ಟು ಹೊತ್ತಿರಲಿಲ್ಲ."

"ಇದು ಡಬ್ಬಿ ಅಲ್ಲವಂತೆ. ಯಂತ್ರವಂತೆ. ಮಳೆ ಬಿದ್ರೆ ತಾನೇ ಅಳೆದು ತಾನೇ ರಾಜಧಾನಿಗೆ ಹೇಳುತ್ತಂತೆ."

"ಹೊರೋದು ಮಾತ್ರ ತಾನೇ ಹೊರಲ್ಲ, ಅಲ್ವಾ?"

ಹಿಂದಿನ ಹೆಂಗಸರು ನಕ್ಕರು. ಉಸಿರಿಲ್ಲದ ನಗು. ಏರಿನಲ್ಲಿ ಅದಕ್ಕಿಂತ ಹೆಚ್ಚು ನಗಲಾಗುವುದಿಲ್ಲ.

ಮರಳು ದಾಲಿಕನ್ ಕೇರಿಯದು. ಕೇರಿ ಅಣೆಕಟ್ಟಿನ ಕೆಳಗೆ, ಹೊಳೆಯ ದಂಡೆಯಲ್ಲಿತ್ತು. ಹೋದ ಮಳೆಗಾಲದ ತುಫಾನಿನಲ್ಲಿ ಅಣೆಕಟ್ಟಿನ ಗೇಟುಗಳನ್ನೆಲ್ಲ ಒಟ್ಟಿಗೇ ಎತ್ತಿದರು. ಎತ್ತದಿದ್ದರೆ ಕಟ್ಟೆಯೇ ಒಡೆಯುತ್ತಿತ್ತು ಎಂದರು. ಸೈರನ್ ಊದಲಿಲ್ಲ. ಕರೆಂಟು ಹೋಗಿತ್ತು ಎಂದರು. ಕರೆಂಟು ಹುಟ್ಟಿಸುವ ಅಣೆಕಟ್ಟಿನಲ್ಲಿ ಕರೆಂಟು ಹೋಗಿತ್ತು. ಈಗ ಕೇರಿಯಿಲ್ಲ, ಮರಳಿದೆ. ಒಳ್ಳೆಯ ಮರಳು, ಸಿಮೆಂಟಿಗೆ ಹೇಳಿ ಮಾಡಿಸಿದ್ದು ಎಂದು ಎಂಜಿನಿಯರ್ ಕೈಯಲ್ಲಿ ಹಿಡಿದು ನೋಡಿ ಹೇಳಿದ್ದ.

ರುಫೀನಾಳ ತಂಗಿ ಅದೇಲಾ, ಅವಳ ಗಂಡ, ಇಬ್ಬರು ಹೆಣ್ಣುಮಕ್ಕಳು ಆ ಮರಳಿನ ಅಡಿಯಲ್ಲಿದ್ದರು. ಇಲ್ಲವೇ ಸಮುದ್ರದಲ್ಲಿದ್ದರು. ಹೆಣ ಸಿಕ್ಕಿರಲಿಲ್ಲ. ಬೆಳಿಗ್ಗೆ ಸಲಿಕೆ ಹಾಕುವ ಮೊದಲು ರುಫೀನಾ ದಂಡೆಯ ಮೇಲೆ ಅತ್ತಿತ್ತ ನಡೆದು, ತಂಗಿಯ ಅಂಗಳ ಎಲ್ಲಿತ್ತು ಎಂದು ಅಂದಾಜು ಮಾಡಿದ್ದಳು. ಒಂದು ಗುರುತೂ ಸಿಗಲಿಲ್ಲ. ಕೊನೆಗೆ ಎಷ್ಟು ದೂರ ಸರಿಯಬಹುದೋ ಅಷ್ಟು ದೂರ ಸರಿದು ತುಂಬಿಕೊಂಡಳು. ಆದರೂ ಹೊಳೆ ಯಾವ ಹಿಡಿಯನ್ನು ಎಲ್ಲಿಂದ ಎಲ್ಲಿಗೆ ಒಯ್ದಿತ್ತೋ. ಬುಟ್ಟಿ ಬೆನ್ನಿಗೆ ಒತ್ತಿದಾಗಲೆಲ್ಲ ಆ ಯೋಚನೆ ಬರುತ್ತಿತ್ತು. ಅವಳು ಅದನ್ನು ತಳ್ಳುತ್ತಿದ್ದಳು. ಮುಂದಿನ ಹೆಜ್ಜೆಗೆ ಅದು ಮತ್ತೆ ಬರುತ್ತಿತ್ತು.

ಬೆಟ್ಟದ ನೆತ್ತಿಯ ಮೇಲೆ ಮೊದಲು ಒಂದು ತಗಡಿನ ಡಬ್ಬಿ ಇತ್ತು. ಅದನ್ನು ನೋಡಿಕೊಳ್ಳಲು ಮಳೆ ಕಚೇರಿಯವರು ಅವಳ ಗಂಡ ಗ್ಯಾಸ್ಪಾರ್‌ನನ್ನು ನೇಮಿಸಿದ್ದರು. ಅವನು ಒಂದು ಮಳೆಗಾಲ ಹತ್ತಿದ. ಆಮೇಲೆ ಚಿನ್ನದ ಗಣಿಗೆ ಹೋದ. ಎರಡು ಸಲ ಕೆಮ್ಮು ಹೊತ್ತುಕೊಂಡು ಬಂದ. ಮೂರನೆಯ ಸಲ ಬರಲಿಲ್ಲ. ಅವನು ಹೋದ ದಿನದಿಂದ ಹತ್ತಿದವಳು ರುಫೀನಾ. ಬೆಳಗಾಗುತ್ತಲೇ ಏರಿ, ಡಬ್ಬಿಯ ನೀರನ್ನು ಅಳತೆಯ ಗಾಜಿಗೆ ಸುರಿದು, ಎಲ್ಲಿಗೆ ನಿಂತಿತೋ ನೋಡಿ, ಹಾಳೆಯಲ್ಲಿ ಬರೆದು ಇಳಿಯುವುದು. ಸಂಬಳ ಗ್ಯಾಸ್ಪಾರ್‌ನ ಹೆಸರಿಗೇ ಬರುತ್ತಿತ್ತು. ಹೆಸರು ಬದಲಿಸಿ ಎಂದು ಪಟ್ಟಣಕ್ಕೆ ಹೋಗಿ ಕೇಳಿದ್ದಳು. "ಹತ್ತೋದು ಯಾರಾದ್ರೇನು, ಹಾಳೆ ಬಂದ್ರೆ ಸಾಕು," ಎಂದು ಕಳಿಸಿದ್ದರು.

ಅವಳಿಗೆ ಆ ಕೆಲಸ ಇಷ್ಟವಾಗಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ. ನೆತ್ತಿಯ ಮೇಲೆ ಅವಳನ್ನು ಯಾರೂ ಕರೆಯುತ್ತಿರಲಿಲ್ಲ. ಅತ್ತೆಯ ಕೂಗಿಲ್ಲ, ಹಂದಿಗಳ ಹಸಿವಿಲ್ಲ. ಗಾಳಿ, ಡಬ್ಬಿ, ಅವಳು. ಅದೇಲಾ ಮಾತ್ರ ಕಂಡುಹಿಡಿದಿದ್ದಳು. ಸಂತೆಯಲ್ಲಿ ಸಿಕ್ಕಾಗಲೆಲ್ಲ ಎಲ್ಲರಿಗೂ ಕೇಳುವಂತೆ ಕೂಗುತ್ತಿದ್ದಳು: "ಏನಕ್ಕಾ, ನಿನ್ನ ತಗಡಿನ ಗಂಡ ಹೇಗಿದ್ದಾನೆ? ಬೆಳಿಗ್ಗೆ ತುಂಬಿದ್ನಾ, ಖಾಲೀನಾ?"

"ಥೂ, ಬಾಯಿ ಮುಚ್ಚು."

"ಅವನೇ ವಾಸಿ ಬಿಡು. ಕುಡಿದಿದ್ದನ್ನ ಅಷ್ಟೂ ವಾಪಸ್ ಕೊಡ್ತಾನೆ."

ನೆತ್ತಿ ತಲುಪಿದಾಗ ಬಿಸಿಲು ಇಳಿಯತೊಡಗಿತ್ತು. ಹಳೆಯ ಡಬ್ಬಿಯನ್ನು ಕಿತ್ತು ಪಕ್ಕಕ್ಕೆ ಎಸೆದಿದ್ದರು. ಅದರ ಮರದ ಕಂಬ ಮಾತ್ರ ನಿಂತಿತ್ತು. ಟಾರ್ಪಾಲಿನ ಕೆಳಗೆ ಎಂಜಿನಿಯರ್ ಕಾಲಿಮ್ಲಿಮ್ ಕೂತಿದ್ದ. ಕೆಳನಾಡಿನವನು, ಬೂಟಿನ ಲೇಸು ಸಡಿಲಿಸಿಕೊಂಡು ಬೆವರು ಒರೆಸಿಕೊಳ್ಳುತ್ತಿದ್ದ. ಅವನು ಹೊತ್ತು ತಂದದ್ದು ಒಂದು ನೀರಿನ ಬಾಟಲಿ. ಅವನ ಪಕ್ಕದಲ್ಲಿ ಊರಿನ ಮುಖ್ಯಸ್ಥ ಕಪಿತಾನ್ ವಾಸಿಂಗ್, ಗ್ಯಾಸ್ಪಾರ್‌ನ ದೊಡ್ಡಪ್ಪನ ಮಗ.

"ಬಾ ರುಫೀನಾ. ಬುಟ್ಟಿ ಇಳಿಸು. ನಿನ್ನದೇ ದಾರಿ ಕಾಯ್ತಿದ್ವಿ," ಎಂದ ವಾಸಿಂಗ್. ಅವನ ದನಿ ಬೆಣ್ಣೆಯಂತಿತ್ತು. ಅವಳು ಬುಟ್ಟಿ ಇಳಿಸಿ ಹತ್ತಿರ ಬಂದಳು.

ಅವನ ತೊಡೆಯ ಮೇಲೆ ಒಂದು ಕಾಗದವಿತ್ತು. ಇಂಗ್ಲಿಷಿನದು. ಕೆಳಗೆ ಅವಳ ಹೆಸರು ಟೈಪಾಗಿತ್ತು. ಹೆಸರಿನ ಮೇಲೆ ಒಂದು ಗೆರೆ, ಖಾಲಿ.

"ಇಲ್ಲಿ ಒಂದು ಸಹಿ. ಆಮೇಲೆ ಊಟ ಮಾಡೋಣ. ನಾಳೆ ರಾಜಧಾನಿಯಿಂದ ದೊಡ್ಡವರು ಬರ್ತಾರೆ. ಯಂತ್ರಾನೂ ಬರುತ್ತೆ. ಅಷ್ಟರಲ್ಲಿ ವರದಿ ಮುಗಿದಿರಬೇಕು."

"ಏನಿದೆ ಇದರಲ್ಲಿ?"

"ಏನಿರುತ್ತೆ? ಆಗಿದ್ದು."

"ಓದು, ಅಣ್ಣ."

ವಾಸಿಂಗ್ ಎಂಜಿನಿಯರ್‌ನ ಕಡೆ ನೋಡಿದ. ಅವನು ತಲೆಯಾಡಿಸಿದ. ವಾಸಿಂಗ್ ತಡವರಿಸುತ್ತ ತಮ್ಮ ಭಾಷೆಗೆ ತಿರುಗಿಸಿ ಓದಿದ. ಮಳೆ ಅಳೆಯುವ ರುಫೀನಾ ದಗ್ವೆಯ್ ಎಂಬ ನಾನು, ಅಣೆಕಟ್ಟು ಕಟ್ಟುವ ಮೊದಲು ಬಂದ ಮಹಾ ತುಫಾನಿನ ಮೂರು ದಿನ ಕೆಲಸಕ್ಕೆ ಹೋಗದೆ, ಮಳೆಯೇ ಬಿದ್ದಿಲ್ಲವೆಂದು ಸೊನ್ನೆ ಬರೆದು ಕಳಿಸಿದ್ದೆ. ಆ ಸೊನ್ನೆಗಳನ್ನು ನಂಬಿ ಅಣೆಕಟ್ಟಿನ ಕೋಡಿಯ ಅಳತೆ ಹಾಕಲಾಯಿತು. ಹೋದ ವರ್ಷದ ಅನಾಹುತಕ್ಕೆ ಈ ತಪ್ಪು ಮಾಹಿತಿಯೇ ಮೂಲ.

ಗಾಳಿಗೆ ಟಾರ್ಪಾಲು ಪಟಪಟ ಹೊಡೆದುಕೊಂಡಿತು. ಹೆಂಗಸರು ಬುಟ್ಟಿ ಇಳಿಸುತ್ತಿದ್ದವರು ಹಾಗೇ ನಿಂತರು.

"ನಾನು ಸೊನ್ನೆ ಬರೆದಿಲ್ಲ."

"ಬರೆದಿದ್ದೀರಿ ಮನಾಂಗ್." ಎಂಜಿನಿಯರ್ ಅವಳನ್ನು ಮನಾಂಗ್ ಎನ್ನುತ್ತಿದ್ದ. ಅಕ್ಕ ಎಂದರ್ಥ. ಕೆಳನಾಡಿನವರು ಸಂತೆಯಲ್ಲಿ ಗೆಣಸು ಮಾರುವ ಬೆಟ್ಟದ ಹೆಂಗಸರನ್ನೆಲ್ಲ ಹಾಗೆಯೇ ಕರೆಯುವುದು. ಅವನು ಚೀಲದಿಂದ ಒಂದು ಜೆರಾಕ್ಸ್ ತೆಗೆದ. "ನೋಡಿ. ನಿಮ್ಮ ಕೈಬರಹ ಅಲ್ಲ ಅಂತ ಹೇಳಿ."

ಅವಳದೇ ಕೈಬರಹ. ಅಂಕಿಗಳ ಸಾಲಿನ ನಡುವೆ, ಒಂದರ ಕೆಳಗೊಂದು, ಮೂರು ಉಂಗುರಗಳು.

ಅವಳು ಹಾಳೆಯನ್ನು ಕಣ್ಣಿನ ಹತ್ತಿರ ತಂದಳು. ಉಂಗುರಗಳಿಗೆ ಬಾಲವಿತ್ತು. ಜೆರಾಕ್ಸಿನಲ್ಲಿ ಮಸುಕಾಗಿತ್ತು, ಆದರೆ ಇತ್ತು. ಉಂಗುರದ ಬುಡದಿಂದ ಅಡ್ಡ ಹಾಯ್ದು ಎರಡು ಬದಿಗೆ ಚಾಚಿದ ಎರಡು ಗೀಟು.

"ಇದು ಪುದೊಂಗ್," ಎಂದಳು.

"ಏನು?"

"ಗಂಟು. ರೂನೊ ಜೊಂಡಿನ ಗಂಟು. ದಾರಿಗೆ ಹಾಕ್ತೀವಲ್ಲ, ಅದು. ಆ ದಿನಗಳು ತೆಂಗಾವ್ ಇತ್ತು."

ಎಂಜಿನಿಯರ್ ವಾಸಿಂಗ್‌ನ ಮುಖ ನೋಡಿದ. ವಾಸಿಂಗ್ ಗಂಟಲು ಸರಿಮಾಡಿಕೊಂಡ. "ತೆಂಗಾವ್ ಅಂದ್ರೆ... ನಿಷೇಧದ ದಿನ, ಸರ್. ಹಿರಿಯರು ಸಾರ್ತಾರೆ. ಯಾರೂ ಊರು ಬಿಟ್ಟು ಹೋಗೋ ಹಾಗಿಲ್ಲ, ಹೊರಗಿನವರು ಒಳಗೆ ಬರೋ ಹಾಗಿಲ್ಲ. ದಾರಿಗೆ ಜೊಂಡು ಗಂಟು ಹಾಕಿ ನಿಲ್ಲಿಸ್ತಾರೆ. ಹಳೇ ಪದ್ಧತಿ."

ಆ ತುಫಾನು ಶುರುವಾದ ದಿನವೇ ಕಲ್ಲುಕಟ್ಟೆಯ ಹಿರಿಯರಲ್ಲೊಬ್ಬ ಸತ್ತಿದ್ದ. ಕಟ್ಟೆಯ ಮೇಲೆ ಕೂರುವ ಗಂಡಸರು ತೆಂಗಾವ್ ಸಾರಿದ್ದರು. ನೆತ್ತಿಯ ದಾರಿಯಲ್ಲಿ, ಎರಡು ಬಂಡೆಗಳ ನಡುವೆ, ಗಂಟು ಹಾಕಿದ ಜೊಂಡು ನಿಂತಿತ್ತು. ರುಫೀನಾ ಮೊದಲ ಬೆಳಿಗ್ಗೆ ಅಭ್ಯಾಸಬಲದಿಂದ ಅಲ್ಲಿಯವರೆಗೆ ನಡೆದಿದ್ದಳು. ಮಳೆ ಕಣ್ಣು ಬಿಡಲು ಬಿಡುತ್ತಿರಲಿಲ್ಲ. ಅಷ್ಟು ಗಾಳಿಯಲ್ಲೂ ಆ ಗಂಟು ಬಿಚ್ಚಿರಲಿಲ್ಲ. ಅವಳು ಹಿಂದಿರುಗಿದಳು. ಯಾರೇ ಆಗಿದ್ದರೂ ಹಿಂದಿರುಗುತ್ತಿದ್ದರು. ಕೊನೆಯ ದಿನ ಹಾಳೆ ತುಂಬುವಾಗ ಪೆನ್ನು ಹಿಡಿದು ಬಹಳ ಹೊತ್ತು ಕೂತಿದ್ದಳು. ಖಾಲಿ ಬಿಡಬಾರದು ಎಂದು ಕಟ್ಟಪ್ಪಣೆ. ಗ್ಯಾಸ್ಪಾರ್ ಒಮ್ಮೆ ಬಿಟ್ಟಿದ್ದಕ್ಕೆ ಸಂಬಳ ಹಿಡಿದಿದ್ದರು. ಅಳೆಯದೆ ಅಂಕಿ ಬರೆದರೆ ಸುಳ್ಳಾಗುತ್ತದೆ. ಆದ್ದರಿಂದ ದಾರಿಯಲ್ಲಿ ಏನಿತ್ತೋ ಅದನ್ನೇ ಹಾಳೆಯಲ್ಲೂ ಬರೆದಳು. ಇಲ್ಲಿ ದಾರಿ ಮುಚ್ಚಿದೆ. ನೋಡಿದವರಿಗೆ ತಿಳಿಯುತ್ತದೆ ಎಂದುಕೊಂಡಿದ್ದಳು. ಗಂಟು ಕಂಡರೆ ತಿಳಿಯದ ಮನುಷ್ಯರೂ ಇರುತ್ತಾರೆ ಎಂಬುದು ಆಗ ಅವಳಿಗೆ ಹೊಳೆದಿರಲಿಲ್ಲ.

ಎಂಜಿನಿಯರ್ ನಗುತ್ತಿದ್ದ. "ಮಳೆ ಲೆಕ್ಕದ ಹಾಳೇಲಿ ಹುಲ್ಲಿನ ಚಿತ್ರ ಬರೆದ್ರಾ?"

"ಬಾಲ ಇದೆ, ನೋಡಿ. ಸೊನ್ನೆಗೆ ಬಾಲ ಇರುತ್ತಾ?"

"ನಿಮ್ಮ ಕೈಬರಹದಲ್ಲಿ ಎಲ್ಲದಕ್ಕೂ ಬಾಲ ಇದೆ ಮನಾಂಗ್. ಸರಿ, ಹೇಳಿ. ಆ ಮೂರು ದಿನ ಎಷ್ಟು ಬಿತ್ತು?"

"ಗೊತ್ತಿಲ್ಲ."

"ಕೇಳಿಸ್ತಾ ಕಪಿತಾನ್? ಗೊತ್ತಿಲ್ಲವಂತೆ."

"ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ. ಬಿದ್ದಿಲ್ಲ ಅಂತಲ್ಲ."

"ಗೊತ್ತಿಲ್ಲ ಅನ್ನೋದನ್ನ ಕಂಪ್ಯೂಟರಿಗೆ ಹಾಕೋಕೆ ಬರಲ್ಲ." ಅವನು ಬಾಟಲಿಯ ಮುಚ್ಚಳ ತಿರುಗಿಸಿದ. "ನೋಡಿ, ಅಣೆಕಟ್ಟು ಕಟ್ಟೋ ಮೊದಲು ಒಂದು ಲೆಕ್ಕ ಇದೆ. ಈ ಬೆಟ್ಟದ ಮೇಲೆ ಆಕಾಶ ಪೂರ್ತಿ ಬಿಚ್ಚಿಕೊಂಡ್ರೆ ಎಷ್ಟು ಮಳೆ ಸುರೀಬಹುದು? ಅತಿ ಅಂದ್ರೆ ಅತಿ. ಅದರ ಮೇಲೆ ಕೋಡಿ ಎಷ್ಟು ಅಗಲ, ಗೇಟು ಎಷ್ಟು ಅಂತ ತೀರ್ಮಾನ. ಅದಕ್ಕೆ ಬಿದ್ದಿರೋ ಮಳೇಲಿ ದೊಡ್ಡದನ್ನ ಹಿಡ್ಕೋತೀವಿ. ದೊಡ್ಡದು ಆ ತುಫಾನು. ಕೆಳಗೆ ಪಟ್ಟಣದ ಡಬ್ಬಿಗಳೆಲ್ಲ ತುಂಬಿ ಹರಿದಿದ್ವು. ನಿಮ್ಮ ನೆತ್ತೀಲಿ ಸೊನ್ನೆ, ಸೊನ್ನೆ, ಸೊನ್ನೆ. ಅಂದ್ರೇನಾಯ್ತು? ಮೋಡ ಕೆಳಗೇ ಸುರಿದು ಖಾಲಿ ಆಗುತ್ತೆ, ಈ ಬೆಟ್ಟಕ್ಕೆ ದೊಡ್ಡ ಮಳೆ ಏರೋದೇ ಇಲ್ಲ. ಹಾಗಂತ ಕೋಡಿ ಕಿರಿದು ಮಾಡಿದ್ರು."

"ಯಾರು ಮಾಡಿದ್ರು?"

"ಆಗಿನವರು. ನಾನಲ್ಲ."

"ಆಗಿನವರ ಹೆಸರು ಈ ಕಾಗದದಲ್ಲಿ ಇದೆಯಾ?"

ಅವನು ನೀರು ಕುಡಿದ.

"ಆ ಮೂರು ದಿನದಲ್ಲಿ ನಮ್ಮ ಮೇಲಿನ ಗದ್ದೆಗಳೆಲ್ಲ ಜಾರಿ ಹೊಳೆಗೆ ಬಿದ್ವು. ರಸ್ತೆ ಹೋಯ್ತು. ಸರ್ಕಾರವೇ ಅಕ್ಕಿ ಚೀಲ ಕಳಿಸ್ತು. ಸೊನ್ನೆ ಮಳೆಗೆ ಯಾರಾದ್ರೂ ಅಕ್ಕಿ ಕಳಿಸ್ತಾರಾ?"

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಎಂಜಿನಿಯರ್‌ಗೆ ಏನೂ ಅನಿಸಲಿಲ್ಲ. "ಅಕ್ಕಿ ಇಲಾಖೆ ಬೇರೆ, ಮಳೆ ಇಲಾಖೆ ಬೇರೆ," ಎಂದ. ತಮಾಷೆಗಲ್ಲ, ನಿಜವಾಗಿಯೇ ಹೇಳಿದ.

"ಇಷ್ಟು ದೊಡ್ಡ ಬೆಟ್ಟಕ್ಕೆ ಒಂದೇ ಡಬ್ಬಿ ಯಾಕೆ ಇಟ್ಟಿದ್ರಿ?"

"ಬಜೆಟ್ ಇರಲಿಲ್ಲ."

"ಹಾಗಾದ್ರೆ ಗ್ಯಾಸ್ಪಾರ್ ಹೆಸರು ಹಾಕ್ಕೊಳ್ಳಿ. ಸಂಬಳದ ಹಾಳೇಲಿ ಅವನ ಹೆಸರೇ ಇತ್ತಲ್ಲ."

"ಅವನು ಸತ್ತಿದ್ದಾನೆ. ಸತ್ತವನ ಸಹಿ ಹೇಗೆ ತಗೊಳ್ಳೋದು? ಅದೂ ಅಲ್ಲದೆ ಹತ್ತಿದ್ದು ನೀವು ಅಂತ ಊರೇ ಹೇಳುತ್ತೆ."

"ಹತ್ತೋದು ನಾನು ಅಂತ ಆಗಲೇ ನಿಮ್ಮ ಕಚೇರಿಗೆ ಬಂದು ಹೇಳಿದ್ದೆ. ಹತ್ತೋದು ಯಾರಾದ್ರೇನು ಅಂದ್ರು."

ವಾಸಿಂಗ್ ಎದ್ದು ಬಂದು ಅವಳ ಹೆಗಲ ಹತ್ತಿರ ಬಗ್ಗಿದ. ಈಗ ದನಿಯಲ್ಲಿ ಬೆಣ್ಣೆ ಇರಲಿಲ್ಲ. "ಕೇಳಿಲ್ಲಿ. ವರದಿ ಮುಗಿಯದೆ ಪರಿಹಾರ ಬಿಡುಗಡೆ ಆಗಲ್ಲ. ದಾಲಿಕನ್‌ನವರು ಶಾಲೆ ಅಂಗಳದಲ್ಲಿ ಟಾರ್ಪಾಲ್ ಕೆಳಗೆ ಬಿದ್ದಿದ್ದಾರೆ. ನಿನ್ನೊಬ್ಬಳ ಹಟಕ್ಕೆ ಅವರೆಲ್ಲ ಕೊಳೀಬೇಕಾ? ನಿನ್ನನ್ನ ಯಾರೂ ಜೈಲಿಗೆ ಹಾಕಲ್ಲ. ಹೊಸ ಯಂತ್ರ ಕಾಯೋ ಕೆಲಸಾನೂ ನಿನಗೇ. ಈ ಸಲ ನಿನ್ನ ಹೆಸರಿಗೇ."

ರುಫೀನಾ ಹಿಂದಿರುಗಿ ಹೆಂಗಸರನ್ನು ನೋಡಿದಳು. ಯಾರೂ ಕಣ್ಣು ಕೊಡಲಿಲ್ಲ. ಇಕಿತ್ ಬಾಂಗನ್ ಮಾತ್ರ ಕೊಟ್ಟಳು. ಅವಳ ಕಿರಿಯ ಮಗನ ಸಂಸಾರವೂ ಆ ಶಾಲೆಯ ಅಂಗಳದಲ್ಲಿತ್ತು.

"ಹಾಕಿಬಿಡೇ," ಎಂದಳು ಬಾಂಗನ್. "ಹೆಸರೇನು ಕರಗುತ್ತಾ? ಬಾಣಂತಿ ಸೊಸೆ ಆರು ತಿಂಗಳಿಂದ ನೆಲದ ಮೇಲೆ ಮಲಗ್ತಿದ್ದಾಳೆ."

"ಇಕಿತ್, ಅದೇಲಾನ ನಾನೇ ಕೊಂದೆ ಅಂತ ಬರೆದಿದೆ ಇದರಲ್ಲಿ."

"ಹಾಗಂತ ಬರೆದಿಲ್ಲ."

"ಇಂಗ್ಲಿಷಲ್ಲಿ ಬರೆದಿದೆ."

ಇನ್ನೊಬ್ಬಳು ಹಿಂದಿನಿಂದ ಗೊಣಗಿದಳು: "ಸತ್ತವಳಿಗೆ ಏನು ಬರೆದ್ರೇನು? ಬದುಕಿರೋರಿಗೆ ಸೂರು ಬೇಕು."

ಅದು ಸುಳ್ಳಲ್ಲ. ರುಫೀನಾಳಿಗೆ ಅದು ಸುಳ್ಳಲ್ಲ ಎಂದು ಗೊತ್ತಿದ್ದುದೇ ಹೆಚ್ಚು ಉರಿಯಿತು. ಇವರಿಗೆ ಕೊಡಬೇಕಾದ್ದನ್ನು ಹಿಡಿದಿಟ್ಟುಕೊಂಡವನು ನೆರಳಿನಲ್ಲಿ ಕೂತು ನೀರು ಕುಡಿಯುತ್ತಿದ್ದ. ಇವರೆಲ್ಲ ಅವಳ ಬೆನ್ನನ್ನು ನೋಡುತ್ತಿದ್ದರು. ಒಂದು ಸಹಿಯಿಂದ ಕಿರಿದಾದ ಕೋಡಿ, ಎತ್ತಿದ ಗೇಟು, ಊದದ ಸೈರನ್ ಎಲ್ಲವೂ ಅವಳ ಬುಟ್ಟಿಗೆ ಬೀಳುತ್ತವೆ. ಹೊರಲು ಅಭ್ಯಾಸವಿರುವ ಹೆಂಗಸು, ಹೊರುತ್ತಾಳೆ. ಹೀಗೇ ಅಲ್ಲವೇ ಕಚೇರಿಯವರು ಲೆಕ್ಕ ಹಾಕಿರುವುದು. ಬೆಟ್ಟದ ಮೇಲೆ ಎಷ್ಟು ಮಳೆ ಬೀಳಬಹುದು ಎಂಬ ಲೆಕ್ಕ ತಪ್ಪಿತ್ತು. ಬೆಟ್ಟದ ಹೆಂಗಸಿನ ಮೇಲೆ ಎಷ್ಟು ಹೇರಬಹುದು ಎಂಬ ಲೆಕ್ಕದಲ್ಲಿ ಅವರಿಗೆ ಒಂದಿಷ್ಟೂ ಅನುಮಾನವಿರಲಿಲ್ಲ.

ಎಂಜಿನಿಯರ್ ಪೆನ್ನು ಚಾಚಿದ.

ಅವಳು ಪೆನ್ನು ತೆಗೆದುಕೊಳ್ಳಲಿಲ್ಲ. ತನ್ನ ಬುಟ್ಟಿಯ ಹತ್ತಿರ ಹೋಗಿ ಕುಕ್ಕರುಗಾಲಲ್ಲಿ ಕೂತು ಪಟ್ಟಿಯನ್ನು ಹಣೆಗೆ ಏರಿಸಿಕೊಂಡಳು. ಯಾರೂ ಕೈಕೊಡಲಿಲ್ಲ. ಎರಡು ಸಲ ಏಳಲಾಗಲಿಲ್ಲ. ಮೂರನೆಯ ಸಲ ನೆಲಕ್ಕೆ ಕೈಯೂರಿ ಎದ್ದಳು. ಸಿಮೆಂಟು ಕಲಸುವ ಗುಂಡಿಯನ್ನು ದಾಟಿ, ಹಳೆಯ ಡಬ್ಬಿಯ ಕಂಬದ ಬುಡಕ್ಕೆ ನಡೆದು, ಹೆಗಲು ವಾಲಿಸಿ ಮರಳನ್ನಷ್ಟೂ ಅಲ್ಲಿ ಸುರಿದಳು.

"ಏನ್ರೀ ಇದು?" ಎಂಜಿನಿಯರ್ ಎದ್ದುನಿಂತ.

"ಇದು ನನ್ನ ತಂಗಿಯ ಅಂಗಳ. ನಿಮ್ಮ ಯಂತ್ರಕ್ಕೆ ಕೊಡಲ್ಲ."

"ಆ ಬುಟ್ಟಿ ಕೂಲಿ ಕಟ್!"

"ಕಟ್ ಮಾಡಿ. ಸಹಿ ಹಾಕಲ್ಲ."

"ನಾಳೆ ಹಾಕ್ತಾಳೆ ಸರ್," ಎಂದ ವಾಸಿಂಗ್, ಅವಳು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ. "ದೊಡ್ಡವರ ಎದುರು ಹಾಕ್ತಾಳೆ. ಇಲ್ಲದಿದ್ರೆ ಹೆಬ್ಬೆಟ್ಟು ಇದೆಯಲ್ಲ. ಎರಡು ಜನ ಹಿಡಿದ್ರೆ ಆಯ್ತು." ಅವನು ನಕ್ಕ. ಎಂಜಿನಿಯರ್ ನಗಲಿಲ್ಲ. ಬೇಡ ಎಂದೂ ಹೇಳಲಿಲ್ಲ.

ಖಾಲಿ ಬುಟ್ಟಿಯೊಂದಿಗೆ ಅವಳು ಇಳಿಯತೊಡಗಿದಳು. ಸ್ವಲ್ಪ ಹೊತ್ತಿನಲ್ಲಿ ಹಿಂದೆ ಬಾಂಗನ್‌ಳ ಹೆಜ್ಜೆ ಕೇಳಿಸಿತು.

"ಆ ಮೂರು ದಿನ ನಾನೂ ಮನೇಲೇ ಇದ್ದೆ," ಎಂದಳು ಬಾಂಗನ್. "ಗದ್ದೆ ಜಾರೋ ಸದ್ದು ಕೇಳಿಸ್ತಿತ್ತು. ಗುಡುಗು ಅಂತ ಅಂದ್ಕೊಂಡಿದ್ದೆ."

"ಹ್ಞೂಂ."

"ನಾಳೆ ಹಾಕ್ತೀಯಲ್ಲ?"

"ಪರಿಹಾರ ಕೊಡ್ತಾರೆ ಅಂತ ನಿಂಗೆ ನಂಬಿಕೆ ಇದೆಯಾ, ಇಕಿತ್?"

ಬಾಂಗನ್ ಉಗುಳಿದಳು. "ಮೊದಲು ಹೆಣ ಎಣಿಸಿದ ಮೇಲೆ ಅಂದ್ರು. ಆಮೇಲೆ ಮನೆ ಎಣಿಸಿದ ಮೇಲೆ. ಈಗ ನಿನ್ನ ಸಹಿ ಆದ ಮೇಲೆ. ನಂಬಿಕೆ ಅಂತಲ್ಲ. ಕೇಳೋದು ಬಿಟ್ಟರೆ ಸೊಸೆಗೆ ಏನು ಹೇಳಲಿ?" ಅವಳು ಮುಂದೆ ನಡೆದಳು. ತಿರುವಿನಲ್ಲಿ ಅವಳ ಕೆಮ್ಮು ಮಾತ್ರ ಉಳಿಯಿತು.

ರುಫೀನಾ ಎರಡು ಬಂಡೆಗಳ ನಡುವೆ ನಿಂತಳು. ರಸ್ತೆಯಿಂದ ಬರುವ ದಾರಿ, ಊರಿನಿಂದ ಬರುವ ದಾರಿ, ಎರಡೂ ಇಲ್ಲಿ ಸೇರಿ ನೆತ್ತಿಗೆ ಏರುತ್ತವೆ. ಬೇರೆ ದಾರಿಯಿಲ್ಲ. ಬದಿಯಲ್ಲಿ ರೂನೊ ಜೊಂಡು ಆಳೆತ್ತರ ಬೆಳೆದಿತ್ತು. ನಾಳೆ ಬೆಳಿಗ್ಗೆ ಯಂತ್ರದ ಪೆಟ್ಟಿಗೆ ರಸ್ತೆಯ ಬದಿಗೆ ಬಂದಿಳಿಯುತ್ತದೆ. ಅದನ್ನು ಹೊತ್ತು ತರಲು ಈ ಊರಿನ ಬೆನ್ನುಗಳೇ ಬೇಕು.

ತೆಂಗಾವ್ ಸಾರುವುದು ಕಲ್ಲುಕಟ್ಟೆಯ ಗಂಡಸರ ಕೆಲಸ. ಹೆಂಗಸರು ಆ ಕಟ್ಟೆಯ ಮೇಲೆ ಕಾಲಿಡುವಂತಿಲ್ಲ. ಹೆಂಗಸು ಪುದೊಂಗ್ ಕಟ್ಟಿದ್ದನ್ನು ಅವಳು ಎಂದೂ ಕೇಳಿರಲಿಲ್ಲ. ಕಟ್ಟಿದರೆ ಏನಾಗುತ್ತದೆ ಎಂಬುದೂ ಗೊತ್ತಿರಲಿಲ್ಲ. ಆದರೆ ಗಂಟು ಕಂಡರೆ ಊರು ಏನು ಮಾಡುತ್ತದೆ ಎಂಬುದು ಗೊತ್ತಿತ್ತು. ಯಾರು ಕಟ್ಟಿದರು ಎಂದು ಯಾರೂ ಕೇಳುವುದಿಲ್ಲ. ಕಟ್ಟೆಯ ಪ್ರತಿ ಮುದುಕನೂ ಇನ್ನೊಬ್ಬ ಕಟ್ಟಿರಬೇಕು ಎಂದುಕೊಳ್ಳುತ್ತಾನೆ. ತನಗೆ ಹೇಳದೆ ಕಟ್ಟಿದರಲ್ಲ ಎಂದು ಒಳಗೊಳಗೇ ಸಿಟ್ಟಾಗುತ್ತಾನೆ, ಗೊತ್ತಿದ್ದವನಂತೆ ತಲೆಯಾಡಿಸುತ್ತಾನೆ. ಹೊರುವವರು ಬುಟ್ಟಿ ಕವುಚಿಟ್ಟು ಮನೆಗೆ ಹೋಗುತ್ತಾರೆ. ಕಪಿತಾನ್ ವಾಸಿಂಗ್ ಸಹ ನಿಲ್ಲುತ್ತಾನೆ. ಮುಖ್ಯಸ್ಥನ ಕುರ್ಚಿಯ ಮೇಲೆ ಕೂತಿದ್ದರೂ ಅವನನ್ನು ಹೆತ್ತವಳು ಈ ದಾರಿಯಲ್ಲೇ ಗೆಣಸು ಹೊತ್ತವಳು. ಗಂಟು ದಾಟಿ ಬಂದು ಒಬ್ಬ ಹೆಂಗಸಿನ ಹೆಬ್ಬೆರಳು ಹಿಡಿಯಲು ಅವನಿಗೆ ಕಾಲು ಬರುವುದಿಲ್ಲ.

ದೊಡ್ಡವರು ರಸ್ತೆಯಲ್ಲಿ ನಿಂತು ಕೇಳುತ್ತಾರೆ: ಏನಿದು? ಯಾರಾದರೂ ಹೇಳಲೇಬೇಕಾಗುತ್ತದೆ. ಇದು ಗಂಟು, ಸರ್. ಇದು ಕಂಡರೆ ನಾವು ಹೋಗುವುದಿಲ್ಲ, ಸರ್.

ಅವಳು ಸೊಂಟದಿಂದ ಕತ್ತಿ ತೆಗೆದಳು. ಎಳೆಯದನ್ನು ಬಿಟ್ಟು, ಒಣಗಿದ್ದನ್ನು ಬಿಟ್ಟು, ಬಾಗಿದರೆ ಮುರಿಯದ ಮೂರು ಜೊಂಡನ್ನು ಆರಿಸಿ ಕಡಿದಳು. ಎಲೆಯ ಅಂಚು ಅಂಗೈ ಕೊಯ್ದಿತು. ರಕ್ತವನ್ನು ಲಂಗಕ್ಕೆ ಒರೆಸಿಕೊಂಡು ಜೊಂಡನ್ನು ಬುಟ್ಟಿಗೆ ಹಾಕಿದಳು. ಅವು ಬುಟ್ಟಿಗಿಂತ ಎತ್ತರಕ್ಕೆ ಚಾಚಿ ನಡೆದಾಗಲೆಲ್ಲ ತಲೆಯ ಮೇಲೆ ತೂಗಿದವು.

ಊರಿನ ಬಾಯಲ್ಲಿ ಬಾಂಗನ್ ಕಲ್ಲಿನ ಮೇಲೆ ಕೂತು ಕಾಲು ಒತ್ತಿಕೊಳ್ಳುತ್ತಿದ್ದಳು. "ಜೊಂಡು ಯಾಕೇ?"

"ಅವರೆ ಬಳ್ಳಿ ಬಿದ್ದುಹೋಗಿದೆ ಇಕಿತ್. ಆಸರೆ ಕೊಡಬೇಕು."

ಬಾಂಗನ್ ಜೊಂಡನ್ನು ನೋಡಿದಳು, ಅವಳ ಅಂಗೈಯನ್ನು ನೋಡಿದಳು. "ಗಟ್ಟಿ ಜೊಂಡೇ ಕಡಿದಿದ್ದೀಯ," ಎಂದು ಮತ್ತೆ ಕಾಲು ಒತ್ತಿಕೊಳ್ಳತೊಡಗಿದಳು.

ರುಫೀನಾ ಮನೆಗೆ ಬಂದು ಜೊಂಡನ್ನು ಬಾಗಿಲ ಹಿಂದೆ ನಿಲ್ಲಿಸಿದಳು. ಮೇಲಿನವರೆಲ್ಲ ಇಳಿದ ಮೇಲೆ, ಬೆಳಗಾಗುವ ಮೊದಲು ಕಟ್ಟಬೇಕು. ಹಂದಿಗೆ ಗೆಣಸಿನ ಸಿಪ್ಪೆ ಬೇಯಲು ಇಟ್ಟಳು. ಒಲೆಯ ಮುಂದೆ ಕೂತು ಒಂದು ಹುಲ್ಲಿನ ಎಸಳನ್ನು ಬೆರಳಿಗೆ ಸುತ್ತಿ, ಉಂಗುರ ಮಾಡಿ, ತುದಿಯನ್ನು ಒಳಗೆ ತೂರಿಸಿ ಎಳೆದು ನೋಡಿದಳು. ಈ ಸಲ ಬಾಲವನ್ನು ಉದ್ದ ಬಿಡಬೇಕು ಎಂದುಕೊಂಡಳು.